ನೋಡಿ ಹಾಕಿದ ಸೈ

ಕಳೆದ ತಿಂಗಳು ಅವರು ತೀರಿಕೊಂಡ ಮಧ್ಯಾಹ್ನ, ಸತ್ಯನಾರಾಯಣಪೇಟೆಯ ಅವರ ಮನೆಯ ಮುಂದೆ ಶಾಮಿಯಾನ ಹಾಕಲು ಬಂದವನು ಫ್ಯಾನಿಗೆಂದು ಎದುರಿನ ಕಂಬದ ತಂತಿಗೆ ಕೊಕ್ಕೆ ಸಿಕ್ಕಿಸಲು ಕೋಲು ಎತ್ತಿದ. ಅಲ್ಲಿಯವರೆಗೆ ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದ, ಅವರ ಕೈಕೆಳಗೆ ಕೆಲಸ ಕಲಿತ ನಾವು ಆರು ಮಂದಿ ಒಟ್ಟಿಗೆ "ಏಯ್!" ಎಂದು ಕೂಗಿದೆವು. ಪಾಪ, ಅವನು ಕೋಲು ಬಿಸಾಕಿ ಓಡಿಯೇ ಹೋದ. ಅವನನ್ನು ಕರೆತಂದು ಸಮಾಧಾನ ಮಾಡಿ, ಮನೆಯೊಳಗಿನ ಸಾಕೆಟ್ಟಿನಿಂದ ಮೂರೆಳೆಯ ವೈರು ಎಳೆದು, ಫ್ಯಾನಿನ ಕಬ್ಬಿಣದ ಮೈಗೆ ಅರ್ಥಿಂಗ್ ಕೊಟ್ಟು, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಮತ್ತೆ ಅಳಲು ಕೂತೆವು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಷ್ಟು ದುಃಖದಲ್ಲೂ ಒಂದು ಮಾತು ಅಂದರು: "ಹೋಗೋ ಮುಂದನೂ ಕೆಲ್ಸಕ್ಕ ಹಚ್ಚಿದ್ರು ನೋಡ್ರಿ ನಿಮ್ಮನ್ನ."

ಅವರು ಬಳ್ಳಾರಿಯಲ್ಲಿ ಮೂವತ್ತು ವರ್ಷದ ಮೇಲೆ ಲೈಸೆನ್ಸ್ ಇಟ್ಟುಕೊಂಡು ಕರೆಂಟಿನ ಕೆಲಸ ಮಾಡಿದ ಗುತ್ತಿಗೆದಾರರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು "ಹೆಸರಿನ ಮುಂದ ಲೈಸೆನ್ಸ್ ನಂಬರ್ ಎಲ್ಲಿ?" ಎಂದು ಕೇಳುವ ಪೈಕಿ. ನಾನು ಕುರುಗೋಡಿನ ಹಮಾಲರೊಬ್ಬರ ಮಗಳು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ, ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ "ಹೆಣ್ಮಗಳು ಏಣಿ ಹತ್ತತಾಳೇನು?" ಎಂಬ ಒಂದೇ ಪ್ರಶ್ನೆ ಕೇಳಿಸಿಕೊಂಡು, ಕಡೆಗೆ ಇವರ ಬಾಗಿಲಿಗೆ ಬಂದು ಬಿದ್ದವಳು. ಬಿದ್ದವಳು ಹದಿನಾಲ್ಕು ವರ್ಷ ಅಲ್ಲಿಂದ ಏಳಲಿಲ್ಲ.

ನಮ್ಮ ಕಸುಬಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹೊಸ ಮನೆಗೋ ಅಂಗಡಿಗೋ ಮೀಟರು ಬರಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರನೊಬ್ಬ ಕಂಪ್ಲೀಷನ್ ರಿಪೋರ್ಟಿಗೆ ಸೈ ಹಾಕಬೇಕು. ಪರ್ಮಿಟ್ ಇರುವ ವೈರ್‌ಮನ್ನೇ ಕೆಲಸ ಮಾಡಿದ್ದಾನೆ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಇಲ್ಲಿ ಕರೆಂಟು ಸೋರುವುದಿಲ್ಲ, ಅರ್ಥಿಂಗ್ ಸರಿಯಾಗಿದೆ ಎಂದು ಆ ಕಾಗದ ಹೇಳುತ್ತದೆ. ಕಾನೂನು ಬಲು ಚೆನ್ನಾಗಿದೆ. ಆದರೆ ಜನ ಅದನ್ನು ಕರೆಯುವುದು "ಸೈ ತರೋದು" ಎಂದು. ಸಂತೆಗೆ ಹೋಗಿ ಬದನೆಕಾಯಿ ತಂದ ಹಾಗೆ. ವೈರಿಂಗ್ ಯಾರೋ ಮಾಡಿರುತ್ತಾರೆ, ಸೈ ಇನ್ಯಾರದೋ ಇರುತ್ತದೆ. ಸೈ ಹಾಕಿದವನು ಆ ಮನೆಯ ಓಣಿಯನ್ನೂ ಕಂಡಿರುವುದಿಲ್ಲ. ಯಾರನ್ನಾದರೂ ಕೇಳಿ ನೋಡಿ, "ಅದೇನ್ರಿ, ಫಾರ್ಮಾಲಿಟಿ" ಎನ್ನುತ್ತಾರೆ.

ಇವರು ನೋಡದೆ ಸೈ ಹಾಕುತ್ತಿರಲಿಲ್ಲ. ಊರಿಗೆಲ್ಲ ಅದು ಗೊತ್ತಿತ್ತು. ಅದಕ್ಕೇ ಅವಸರದವರು ಇವರ ಅಂಗಡಿ ದಾಟಿ ಮುಂದೆ ಹೋಗುತ್ತಿದ್ದರು.

ನಾನು ಮೊದಲ ಸಲ ಹೋದ ದಿನ ಅವರು ನನ್ನ ಸರ್ಟಿಫಿಕೇಟನ್ನು ತಿರುಗಿಯೂ ನೋಡಲಿಲ್ಲ. ಕೈಗೆ ಒಂದು ಟೆಸ್ಟರ್ ಕೊಟ್ಟು, ಗೋಡೆಯ ಬೋರ್ಡು ತೋರಿಸಿ, "ಇದನ್ನ ಬಿಚ್ಚು ತಂಗಿ" ಎಂದರು. ನಾನು ಜಾಣಳಲ್ಲವೆ, ಮೊದಲು ಟೆಸ್ಟರ್ ಹಚ್ಚಿದೆ. ದೀಪ ಹತ್ತಲಿಲ್ಲ. ಕರೆಂಟಿಲ್ಲ ಎಂದುಕೊಂಡು ಸ್ಕ್ರೂ ತಿರುಗಿಸತೊಡಗಿದೆ.

"ಕರೆಂಟ್ ಇಲ್ಲ ಅಂತ ಯಾರು ಹೇಳಿದ್ರು?"

"ಟೆಸ್ಟರ್ ಹೇಳ್ತಲ್ರಿ ಸಾರ್."

"ಟೆಸ್ಟರ್ ಖರೇ ಹೇಳ್ತೈತಿ ಅಂತ ಯಾರು ಹೇಳಿದ್ರು?"

ಆ ಟೆಸ್ಟರ್ ಕೆಟ್ಟು ಎಷ್ಟು ಕಾಲವಾಗಿತ್ತೋ! ಹೊಸಬರಿಗೆಂದೇ ಅದನ್ನು ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಬೋರ್ಡಿನ ಫ್ಯೂಜನ್ನು ನಾನು ಬರುವ ಮುಂಚೆಯೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು, ಆ ಮಾತು ಬೇರೆ. ಕರೆಂಟು ಇದೆ ಎಂದು ಗೊತ್ತಿರುವ ಕಡೆ ಮೊದಲು ಟೆಸ್ಟರನ್ನೇ ಹಚ್ಚಿ ನೋಡು, ಅದು ಸರಿ ಇದ್ದರೆ ಮಾತ್ರ ಅದರ ಮಾತು ಕೇಳು ಎಂದರು. ನಾಳೆಯಿಂದ ಬಾ ಎಂದೂ ಅಂದರು. ಏಣಿಯ ಪ್ರಶ್ನೆ ಅವರ ಬಾಯಲ್ಲಿ ಬರಲೇ ಇಲ್ಲ. ಬಸ್ಸಿನಲ್ಲಿ ಕುರುಗೋಡಿನವರೆಗೂ ನಾನು ಹಲ್ಲು ಬಿಟ್ಟುಕೊಂಡೇ ಹೋದೆ.

ನಾಳೆಯಿಂದ ಬಾ ಎಂದವರು ಕೆಲಸವನ್ನೇನೂ ಕೊಡಲಿಲ್ಲ. ನನ್ನ ವೈರ್‌ಮನ್ ಪರ್ಮಿಟ್ ಬರುವ ತನಕ ಸೈಟಿನಲ್ಲಿ ಒಂದು ಸ್ಕ್ರೂ ಮುಟ್ಟಲೂ ಬಿಡಲಿಲ್ಲ. ಅಂಗಡಿಯಲ್ಲಿ ಕೂತು ಮನೆಗಳ ನಕ್ಷೆಯ ಮೇಲೆ ವೈರಿಂಗ್ ಗೆರೆ ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು. ನನ್ನ ಜೊತೆ ಓದಿದವರೆಲ್ಲ ಪರ್ಮಿಟ್ಟಿನ ಗೊಡವೆಯಿಲ್ಲದೆ ಬೇರೆ ಕಡೆ ಆಗಲೇ ಮೂರು ಮಹಡಿ ವೈರಿಂಗ್ ಮುಗಿಸಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಎಲ್ಲಾರೂ ಮಾಡಾಕತ್ಯಾರ. ನಾನೊಬ್ಬಾಕಿ ಮುಟ್ಟಿದ್ರ ಏನಾಗ್ತೈತ್ರಿ ಸಾರ್?"

"ಏನೂ ಆಗಂಗಿಲ್ಲ. ಕಾಗದದಾಗ ಪರ್ಮಿಟ್ ಇದ್ದೋರು ಮಾಡ್ಯಾರ ಅಂತ ಬರೀಬೇಕಲ್ಲ, ಅವಾಗ ನನ್ನ ಕೈ ನಡಗ್ತೈತಿ."

ಪರ್ಮಿಟ್ ಬಂದ ದಿನ ಹೋಟೆಲಿಗೆ ಕರೆದುಕೊಂಡು ಹೋಗಿ ಒಗ್ಗಾಣಿ ಮಿರ್ಚಿ ಕೊಡಿಸಿದರು. ಪಕ್ಕದ ಟೇಬಲ್ಲಿನವರಿಗೂ ಪರ್ಮಿಟ್ ಪುಸ್ತಕ ತೋರಿಸಿದರು. ಮಿರ್ಚಿಯ ಎಣ್ಣೆ ಹತ್ತಿದ ಕೈಯಲ್ಲಿ ಪುಟ ತಿರುವಿದ್ದರಿಂದ ನನ್ನ ಫೋಟೋದ ಕೆನ್ನೆಯ ಮೇಲೆ ಒಂದು ಕಲೆ ಉಳಿಯಿತು.

ಮನೆ ಪರೀಕ್ಷೆಗೆ ಹೋದರೆ ಅವರು ಹಾಲಿನಲ್ಲಿ ಕೂರುತ್ತಿರಲಿಲ್ಲ. ನೆಟ್ಟಗೆ ಬಚ್ಚಲಿಗೆ ನಡೆಯುತ್ತಿದ್ದರು. ಪಾರ್ವತಿನಗರದಲ್ಲಿ ದೊಡ್ಡ ಮನೆಯೊಂದರ ಯಜಮಾನರಿಗೆ ಇದರಿಂದ ಭಾರಿ ಬೇಜಾರಾಯಿತು. ಹಾಲಿನ ಛಾವಣಿಗೆ ಸಿನಿಮಾ ಥೇಟರಿನಂಥ ದೀಪಗಳನ್ನು ಹಾಕಿಸಿದ್ದರು. ಅದನ್ನು ತೋರಿಸಬೇಕೆಂದು ಅವರಿಗೆ ಆಸೆ. ಗೃಹಪ್ರವೇಶ ಇನ್ನು ಎರಡೇ ದಿನ.

"ನೀವು ಸೈ ಹಾಕಾಕ ಬಂದೀರೋ ಬಚ್ಚಲ ನೋಡಾಕ ಬಂದೀರೋ?"

"ಬಚ್ಚಲ ನೋಡಿ ಸೈ ಹಾಕಾಕ ಬಂದೀನ್ರಿ."

ಗೀಸರಿನ ಸಾಕೆಟ್ಟು ಬಿಚ್ಚಿಸಿದರು. ಅರ್ಥಿಂಗಿನ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಯಜಮಾನರು "ಅದು ಕಣ್ಣಿಗೆ ಕಾಣಂಗಿಲ್ಲಲ್ರಿ" ಎಂದರು. ಇವರು ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ, ಮೊದ್ಲು ಜಳಕ ಮಾಡೋರು ಯಾರಮ್ಮ ನಿಮ್ಮನ್ಯಾಗ?" ಎಂದು ಕೇಳಿದರು. ಆ ಅಮ್ಮ "ನಾನ ರೀ, ಐದಕ್ಕ ಏಳ್ತೀನಿ" ಎಂದರು. ಅಷ್ಟೇ. ಯಜಮಾನರು ಫೋನ್ ತೆಗೆದು ವೈರಿಂಗಿನವನನ್ನು ಕರೆದರು. ಸಂಜೆಯೊಳಗೆ ತಂತಿ ಬಂತು, ಸೈಯೂ ಬಿತ್ತು.

ಹೊಗಳಿ ಹೊಗಳಿ ಅವರನ್ನು ದೇವರ ಜಗಲಿಯ ಮೇಲೆ ಕೂರಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಮಹಾ ಕಿರಿಕಿರಿಯ ಮನುಷ್ಯ. ಚಹಾದಲ್ಲಿ ಸಕ್ಕರೆ ಹಾಕಬಾರದೆಂದು ಡಾಕ್ಟರು ಹೇಳಿದ್ದರೆ, ಹಾಕಿಲ್ಲ ಎಂದು ಹೆಂಡತಿಗೆ ನಮ್ಮ ಕೈಲಿ ಸುಳ್ಳು ಹೇಳಿಸುತ್ತಿದ್ದರು. ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಒಂದು ಬೆರಳು ಸೊಟ್ಟಗಾದರೆ ದಿನವಿಡೀ ಮುಖ ಗಂಟು. ಮತ್ತೆ, ಒಮ್ಮೆ ತಪ್ಪು ಮಾಡಿದರು. ಸಣ್ಣ ತಪ್ಪಲ್ಲ, ಊರೆಲ್ಲ ಮಾಡುವ ಅದೇ ತಪ್ಪು. ನನ್ನ ಕಣ್ಣೆದುರಿಗೇ ಮಾಡಿದರು.

ಅವರ ಮಗಳಿಗೆ ಸಿರುಗುಪ್ಪದ ಕಡೆ ಸಂಬಂಧ ಕೂಡಿ ನಿಶ್ಚಿತಾರ್ಥ ಆಗಿತ್ತು. ಬೀಗರು ಸಿರುಗುಪ್ಪದಲ್ಲಿ ಹಿಟ್ಟಿನ ಗಿರಣಿ ಹಾಕುತ್ತಿದ್ದರು. ಜೊತೆಗೆ ಖಾರ ಕುಟ್ಟುವ ಯಂತ್ರ. ಒಂದು ದಿನ ಬೆಳಿಗ್ಗೆ ಬಾಳೆಗೊನೆ ಹಿಡಿದುಕೊಂಡು ನಗುನಗುತ್ತ ಅಂಗಡಿಗೆ ಬಂದರು. ಬಾಳೆಗೊನೆಯ ಹಿಂದೆ ಕಂಪ್ಲೀಷನ್ ರಿಪೋರ್ಟ್ ಇತ್ತು.

"ನಮ್ಮ ಅಣ್ಣನ ಮಗನ ಮಾಡ್ಯಾನ್ರಿ ವೈರಿಂಗು. ಪರ್ಮಿಟ್ ಐತಿ ಅವನಿಗೆ. ಇವತ್ತು ಕಾಗದ ಕೊಟ್ರ ಈ ವಾರ ಮೀಟರ್ ಬರ್ತೈತಿ. ಒಂದ್ ಸೈ ಹಾಕಿಬಿಡ್ರಿ ಬೀಗ್ರ."

"ನಾಳೆ ಬಂದು ನೋಡ್ತೀನಲ್ರಿ."

"ಅಂದ್ರ? ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು ನಿಮಗ?"

ಹೆಣ್ಣು ಕೊಡುವ ಮನುಷ್ಯನ ಮುಂದೆ ಗಂಡಿನ ತಂದೆ ಈ ಮಾತು ಆಡಿದರೆ ಏನು ಉತ್ತರ ಕೊಡಬೇಕು? ಅವರು ಪೆನ್ನಿನ ಟೋಪಿ ತೆಗೆದರು, ಹಾಕಿದರು. ಮತ್ತೆ ತೆಗೆದರು. ಸೈ ಹಾಕಿದರು. ನನಗೆ, ಈಗ ಒಪ್ಪಿಕೊಳ್ಳುತ್ತೇನೆ, ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಇವರೂ ನಮ್ಮ ಹಾಗೆಯೇ ಮನುಷ್ಯರು ಎನ್ನಿಸಿತು.

ಮೂರು ದಿನ ಬಾಳೆಹಣ್ಣುಗಳನ್ನು ನಾವೇ ತಿಂದೆವು. ಅವರು ಒಂದನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೆಗ್ಗರ್ ಎತ್ತಿಕೊಂಡರು. ತಂತಿಯಲ್ಲಿ ಕರೆಂಟು ಸೋರುತ್ತದೆಯೋ ಇಲ್ಲವೋ ಎಂದು ಕೈಯಿಂದ ತಿರುಗಿಸಿ ಅಳೆಯುವ ಪೆಟ್ಟಿಗೆ ಅದು. "ನಡಿ ತಂಗಿ, ಸಿರುಗುಪ್ಪಕ್ಕ" ಎಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ನೀರು ನಿಂತ ಭತ್ತದ ಗದ್ದೆಗಳನ್ನು ನೋಡುತ್ತ ಕೂತರು.

ಗಿರಣಿಗೆ ಹಿಂದಿನ ದಿನವಷ್ಟೇ ಮೀಟರು ಬಂದಿತ್ತು. ಯಂತ್ರಕ್ಕೆ ಪೂಜೆಯಾಗಿ ಕುಂಕುಮ ಹತ್ತಿತ್ತು. ಕಾಳು ಬೀಸಿಸಲು ಇಬ್ಬರು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ವೈರಿಂಗು ನೋಡಲು ಚೆಂದವೇ ಇತ್ತು. ಹಿಂದಿನ ಗೋಡೆಗೆ ಅರ್ಥಿಂಗ್ ಗುಂಡಿ. ಸಿಮೆಂಟಿನ ಕಟ್ಟೆ, ಮೇಲೆ ಮುಚ್ಚಳ, ಮುಚ್ಚಳಕ್ಕೆ ಹಸಿರು ಬಣ್ಣ. ಇವರು ಮುಚ್ಚಳ ತೆಗೆದು, ಒಳಗೆ ಇಳಿದಿದ್ದ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಹಸಿ ಮಣ್ಣಿನಿಂದ ಶೇಂಗಾ ಗಿಡ ಕಿತ್ತಂತೆ ತಂತಿ ಮೇಲೆ ಬಂತು. ಕೆಳಗೆ ಕೊಳವೆಯಿಲ್ಲ, ತಗಡಿಲ್ಲ, ಏನೂ ಇಲ್ಲ. ಯಂತ್ರದ ಮೈಗೆ ಕರೆಂಟು ಬಂದರೆ ಅದು ಭೂಮಿಗೆ ಹೋಗುವ ದಾರಿಯೇ ಇರಲಿಲ್ಲ. ಯಂತ್ರ ಮುಟ್ಟಿದವರ ಮೈಯೊಂದೇ ದಾರಿ.

ಮೇನ್ ಸ್ವಿಚ್ ಆರಿಸಿದರು. ಬುಟ್ಟಿ ಹಿಡಿದವರನ್ನು "ನಾಳೆ ಬರ್ರಿ ಅಮ್ಮ" ಎಂದು ಕೈಮುಗಿದು ಕಳಿಸಿದರು.

ಬೀಗರು ಕೆಂಪಾದರು. "ನಾಕು ದಿನ ಬಿಟ್ಟು ಮಾಡಿಸಿದ್ರ ಆಗ್ತಿದ್ದಿಲ್ಲೇನ್ರಿ? ಬೋಣಿಗಿ ದಿನನ ಗಿರಣಿ ನಿಂದ್ರಿಸ್ತೀರಲ್ಲ!"

ಇವರು ಪ್ಯಾಂಟು ಮಡಚಿ ಹಾರೆ ತೆಗೆದುಕೊಂಡರು. ಐವತ್ತೆಂಟು ದಾಟಿದ ಮನುಷ್ಯ ಬೀಗರ ಹಿತ್ತಲಲ್ಲಿ ಆಳಿನ ಹಾಗೆ ಅಗೆದರು. ನಾನು ಪೇಟೆಯಿಂದ ಕಬ್ಬಿಣದ ಕೊಳವೆ, ಇದ್ದಿಲು, ಉಪ್ಪು ತಂದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಯಾಯಿತು. ಅಳೆದು ನೋಡಿದರೆ ಕಾಯಿದೆ ಕೇಳುವುದಕ್ಕಿಂತಲೂ ಚೆನ್ನಾಗಿ ಬಂತು. ನಾನು ಕೈ ತೊಳೆದುಕೊಂಡು, ಸದ್ಯ ಪೀಡೆ ತೊಲಗಿತು ಎಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೇಳಿದರು: "ನಾಳೆ ಒಂದು ಬಿಳಿ ಹಾಳಿ ತಗಾ. ಲೆಟರ್ ಬರೀಬೇಕು. ನೋಡದ ಸೈ ಹಾಕೀನಿ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. "ಸರಿ ಮಾಡಿದ್ವಲ್ರಿ ಸಾರ್! ಯಾರಿಗೆ ಗೊತ್ತಾಗ್ತೈತಿ?"

"ತಂತಿ ಸರಿ ಮಾಡಿದ್ವಿ. ಸೈ ಇನ್ನಾ ಹಂಗ ಐತಿ."

"ಲೈಸೆನ್ಸ್ ಹೋಗ್ತೈತ್ರಿ! ಮಗಳ ಮದಿವಿ ಐತಿ. ಮೂವತ್ತು ವರ್ಷ ಗಳಿಸಿದ್ದ ಹೆಸರೈತಿ."

"ಹೌದಲ್ಲ," ಎಂದರು. "ಆ ಹೆಸರು ನೋಡಿನ ಅಲ್ಲೇನು ಮೀಟರ್ ಕೊಟ್ಟಿದ್ದು? ಈ ಮನಷ್ಯಾ ನೋಡದ ಹಾಕಂಗಿಲ್ಲ ಅಂತ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಲೈಸೆನ್ಸ್ ಕೊಡುವ ಆಫೀಸಿನಲ್ಲಿ ಲೆಟರ್ ತೆಗೆದುಕೊಂಡ ಗುಮಾಸ್ತರಿಗೆ ದಿಕ್ಕೇ ತೋಚಲಿಲ್ಲ. "ದೂರು ಯಾರ ಮ್ಯಾಲೆ?" ಎಂದರು. "ನನ್ನ ಮ್ಯಾಲೆ." "ಕೊಡೋರು ಯಾರು?" "ನಾನ." ಅವರು ಒಮ್ಮೆ ಕಾಗದವನ್ನೂ ಒಮ್ಮೆ ಇವರ ಮುಖವನ್ನೂ ನೋಡಿ, ಎದ್ದು ಸಾಹೇಬರ ಕೋಣೆಗೆ ಹೋದರು. ಸಾಹೇಬರು ಒಳಗೆ ಕೂರಿಸಿ ಚಹಾ ಕೊಟ್ಟರು. ಇವರನ್ನು ಬಲ್ಲವರು ಅವರು. ಬೇಕಾದರೆ ಇದನ್ನು ವಾಪಸು ತೆಗೆದುಕೊಳ್ಳಿ, ಒಮ್ಮೆ ಫೈಲಿಗೆ ಹೋದರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದರು. ಇವರು ಚಹಾ ಕುಡಿದರು, ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಹಾಗೆ ಮಾಡಿದ ಆಫೀಸಿನ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಇರುವುದೇ ಹಾಗೆ.

ಊರಿನವರು ಮಾತ್ರ ಕೈಗೆ ಸಿಕ್ಕಿದ್ದನ್ನು ಬಿಡುತ್ತಾರೆಯೇ? ಚಹಾದಂಗಡಿಯಲ್ಲಿ ಒಬ್ಬ "ತಾನ ಹೋಗಿ ಜೈಲಿನ ಬಾಗ್ಲ ಬಡದ ಶಾಣ್ಯಾ" ಎಂದು ನಕ್ಕ. ಅವನ ಲೋಟ ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಬೀಗರು ಮದುವೆ ಮುರಿಯುವ ಮಾತಾಡಿದರು. ಅದನ್ನು ನಿಲ್ಲಿಸಿದವರು ಬೀಗತಿ. "ಖಾರ ಕುಟ್ಟೋ ಮಷೀನಿನ ಮುಂದ ದಿನಾ ನಿಂದ್ರೋಳು ನಾನು. ನೀವಲ್ಲ. ಆ ಮನಷ್ಯಾ ನನ್ನ ಜೀವ ಉಳಿಸ್ಯಾನ, ಅವನ ಮಗಳ ನನ್ನ ಸೊಸಿ" ಎಂದು ಗಂಡನ ಬಾಯಿ ಮುಚ್ಚಿಸಿದರಂತೆ. ಮದುವೆಯ ಊಟದಲ್ಲಿ ಆಕೆಯೇ ನಿಂತು ಇವರ ಎಲೆಗೆ ಹೋಳಿಗೆ ಬಡಿಸಿದ್ದನ್ನು ನಾನು ನೋಡಿದ್ದೇನೆ. ಬೀಗರು ಆ ಕಡೆ ಮುಖ ಮಾಡಿ ಕೂತಿದ್ದರು.

ಇನ್ನು ನಮ್ಮ ಪಾಡು. ಅಷ್ಟರಲ್ಲಿ ನಾನು ಸೂಪರ್‌ವೈಸರ್ ಪರೀಕ್ಷೆ ಕಟ್ಟಿ, ಅವರ ಕಾಟ ತಾಳಲಾರದೆ ಗುತ್ತಿಗೆದಾರಳ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದೆ. ಆದರೆ ಅವರಿರುವಾಗ ನನ್ನ ಹೆಸರಿನಲ್ಲಿ ಕೆಲಸ ಹಿಡಿಯಲು ಮನಸ್ಸು ಬಂದಿರಲಿಲ್ಲ. ಲೈಸೆನ್ಸು ಟ್ರಂಕಿನಲ್ಲಿತ್ತು. ತಡೆಯ ಆದೇಶ ಬಂದ ಮರುದಿನ ಅವರು ಅಂಗಡಿಗೆ ಬಂದು, ತಮ್ಮ ಕುರ್ಚಿಯಲ್ಲಿ ಕೂರದೆ ನನ್ನ ಮುಂದೆ ನಿಂತರು. ಕೈಯಲ್ಲಿ ಅವರ ಹಳೆಯ ವೈರ್‌ಮನ್ ಪರ್ಮಿಟ್ ಪುಸ್ತಕ. ಲೈಸೆನ್ಸು ಬಂದ ಮೇಲೂ ಅದನ್ನು ಒಂದು ಸಲವೂ ತಪ್ಪಿಸದೆ ನವೀಕರಿಸಿಕೊಂಡು ಬಂದಿದ್ದರು.

"ನಿನ್ನ ಲೈಸೆನ್ಸಿನಾಗ ನನಗ ಕೆಲ್ಸ ಐತೇನು ತಂಗಿ?"

ನಾನು ಅತ್ತೆ. ಅವರು ಪುಸ್ತಕವನ್ನು ಮುಂದೆ ಹಿಡಿದೇ ನಿಂತಿದ್ದರು. "ಅಳಬ್ಯಾಡ. ನಂಬರ್ ಬರಕಾ," ಎಂದರು.

ಹೀಗೆ ನಾನು ಅವರಿಗೆ ಕೆಲಸ ಕೊಟ್ಟೆ. ಹೇಳಲು ಈಗಲೂ ಬಾಯಿ ತಡವರಿಸುತ್ತದೆ. ನನ್ನ ಹೆಸರಿನ ಮೊದಲ ದೊಡ್ಡ ಕೆಲಸ ನಮ್ಮ ಕುರುಗೋಡಿನಲ್ಲೇ ಸಿಕ್ಕಿತು. ಊರ ಹೊರಗೆ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು, ಇಪ್ಪತ್ತು ಮಷೀನು. ಹೊಲಿಯುವವರೆಲ್ಲ ನಮ್ಮೂರ ಹೆಂಗಸರು. ಅವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬಳು. ಬಲಗಡೆಯ ಗೋಡೆಯ ಕೆಲಸ ಇವರ ಪಾಲಿಗೆ ಬಂತು. ಐದು ದಿನ ತಲೆಯೆತ್ತದೆ ಮಾಡಿದರು. ಊಟಕ್ಕೆ ಎಲ್ಲರ ಜೊತೆ ನೆಲದ ಮೇಲೆ ಕೂತರು. ಏನಾದರೂ ಕೇಳುವುದಿದ್ದರೆ ಹತ್ತಿರ ಬಂದು ಕೇಳುತ್ತಿದ್ದರು. ದೂರದಿಂದ ಕೂಗಿ ನನ್ನನ್ನು ಕರೆಯಲಿಲ್ಲ.

ಪರೀಕ್ಷೆಯ ದಿನ ಶೆಡ್ಡಿನ ಮಾಲೀಕರು ರಿಪೋರ್ಟ್ ತುಂಬಿಸಿಕೊಂಡು ಕಾಯುತ್ತಿದ್ದರು. ಹೊಲಿಯುವ ಹೆಂಗಸರು ಬಾಗಿಲಲ್ಲಿ ಸೇರಿದ್ದರು. ಎಡಗಡೆಯ ಗೋಡೆ ಮುಗಿಸಿದೆ. ಎಲ್ಲ ಸರಿ ಇತ್ತು. ಬಲಗಡೆಗೆ ಬಂದಾಗ ನನ್ನ ಕೈ ಹಿಂಜರಿಯಿತು. ಅವರು ಮಾಡಿದ್ದನ್ನು ನಾನು ನೋಡುವುದೇ? ಎರಡು ಮೂರು ಸಾಕೆಟ್ ನೋಡಿ ಮುಗಿಸಿಬಿಡೋಣ ಎನ್ನಿಸಿತು. ಅವರು ಕೈ ಹಿಂದೆ ಕಟ್ಟಿಕೊಂಡು, ಎಲ್ಲ ವೈರ್‌ಮನ್‌ಗಳು ನಿಲ್ಲುವ ಹಾಗೆ ಗೋಡೆಯ ಪಕ್ಕ ನಿಂತಿದ್ದರು. ನಾನು ಒಂದರಿಂದ ಶುರು ಮಾಡಿದೆ.

ಏಳನೆಯ ಸಾಕೆಟ್ಟಿನಲ್ಲಿ ಕೆಂಪು ತಂತಿ ಎಡಕ್ಕಿತ್ತು, ಕಪ್ಪು ಬಲಕ್ಕಿತ್ತು.

ಕೆಂಪು, ಅಂದರೆ ಕರೆಂಟಿನ ತಂತಿ, ಬಲಕ್ಕೆ ಬರಬೇಕು. ಐಟಿಐನ ಮೊದಲ ವಾರದ ಪಾಠ ಅದು. ತಿರುಗುಮುರುಗಾದರೆ ಮಷೀನಿನ ಗುಂಡಿ ಆರಿಸಿದ ಮೇಲೂ ಒಳಗೆ ಕರೆಂಟು ನಿಂತೇ ಇರುತ್ತದೆ. ಆರಿಸಿದ್ದೇನೆಂದು ನಂಬಿ ಯಾವಳೋ ಒಬ್ಬಳು ಒಳಗೆ ಕೈ ಹಾಕುತ್ತಾಳೆ. ಅಷ್ಟು ವರ್ಷಗಳಲ್ಲಿ ಇಂಥ ತಪ್ಪು ಮಾಡಿದವರನ್ನು ಅವರು ಬೈದದ್ದು ಎಷ್ಟು ಸಲವೋ. ಅವರೇ ಮಾಡಿದ್ದಾರೆ ಎಂದರೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಮತ್ತೊಮ್ಮೆ ನೋಡಿದೆ. ಹೌದು.

ಎರಡು ಸ್ಕ್ರೂ ಸಡಿಲಿಸಿ ಅದಲು ಬದಲು ಮಾಡಿದ್ದರೆ ಮುಗಿಯುತ್ತಿತ್ತು. ಒಂದು ನಿಮಿಷದ ಕೆಲಸ. ನನ್ನ ಬೆನ್ನು ಎಲ್ಲರಿಗೂ ಅಡ್ಡವಾಗಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಮಾಲೀಕರು ಕೇಳಿಸಿಕೊಳ್ಳುವಂತೆ, ನಮ್ಮೂರ ಹೆಂಗಸರ ಮುಂದೆ, ಆ ಮನುಷ್ಯನ ತಪ್ಪನ್ನು ಹೇಗೆ ಹೇಳಲಿ? ತಿರುಗಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಸಾರ್, ಇದು ತಿರುಗುಮುರುಗು ಆಗೈತ್ರಿ."

ಅವರು ಬಂದು, ಕನ್ನಡಕ ಏರಿಸಿ, ಸಾಕೆಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಗಲೇ ನನಗೆ ಹೊಳೆದದ್ದು. ಅವರಿಗೆ ಕೆಂಪು ಯಾವುದು, ಕಪ್ಪು ಯಾವುದು ಎಂದು ಸರಿಯಾಗಿ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ತಮಗೇ ಹೇಳಿಕೊಂಡಿದ್ದರೋ ಇಲ್ಲವೋ.

"ಹೌದು, ನಂದ ತಪ್ಪು," ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ತಂತಿ ಬದಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ತಪ್ಪಿದ್ದಲ್ಲಿ ಇನ್ನೊಂದಿರ್ತೈತಿ. ನಾ ಮಾಡಿದ್ದು ಎಲ್ಲಾನೂ ಮೊದ್ಲಿಂದ ನೋಡು" ಎಂದರು. ನಾನು ಮೊದಲಿನಿಂದ ಅಷ್ಟನ್ನೂ ನೋಡಿದೆ. ಬೇರೆ ತಪ್ಪಿರಲಿಲ್ಲ. ಸೈ ಹಾಕಿದೆ.

ಆರು ತಿಂಗಳು ಮುಗಿಯುತ್ತ ಬಂದಾಗ ನಾವೆಲ್ಲ ಸೇರಿ ಅಂಗಡಿಗೆ ಸುಣ್ಣ ಹೊಡೆಸಿ, ಅವರ ಕುರ್ಚಿಗೆ ಹೊಸ ದಿಂಬು ತಂದಿಟ್ಟೆವು. ಅವರು ಬಂದು ಕುರ್ಚಿ ನೋಡಿ, ವೈರ್‌ಮನ್‌ಗಳ ಬೆಂಚಿನ ಮೇಲೆ ಕೂತರು. "ಲೈಸೆನ್ಸ್ ವಾಪಸ್ ಕೊಡ್ತೀನಿ, ಅರ್ಜಿ ಬರಿ ತಂಗಿ" ಎಂದರು. ಡಾಕ್ಟರಿಗೆ ತೋರಿಸಿ ಬಂದಿದ್ದರು. ಹೋದ ಕಣ್ಣು ತಿರುಗಿ ಬರುವಂಥದ್ದಲ್ಲವಂತೆ. ಕಾಣದ ಕಣ್ಣಿಂದ ನೋಡಿ ಹಾಕಿದ್ದು ನೋಡದೆ ಹಾಕಿದ ಹಾಗೇ ಎಂದರು. ನಮ್ಮಲ್ಲಿ ಯಾರ ಮಾತನ್ನೂ ಕೇಳಲಿಲ್ಲ.

ಅರ್ಜಿಯಲ್ಲಿ ಕಾರಣ ಎಂದಿದ್ದ ಕಡೆ ನಾನು "ಅನಾರೋಗ್ಯ" ಎಂದು ಬರೆದೆ. ಓದಿಸಿ ಕೇಳಿದರು. "ಹೊಡದು ಹಾಕು" ಎಂದರು. ಬೇರೆ ಏನು ಬರೆಯಬೇಕೆಂದು ಹೇಳಿದಾಗ ನಾನು ಪೆನ್ನು ಕೆಳಗಿಟ್ಟುಬಿಟ್ಟೆ. ನಾನು ಬರೆಯುವ ಮಾತಲ್ಲ ಅದು. ಆಗ ಅವರೇ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಸೊಟ್ಟ ಸೊಟ್ಟ ಅಕ್ಷರಗಳಲ್ಲಿ ಬರೆದರು. ಸಾಹೇಬರ ಕೋಣೆಗೆ ಇಬ್ಬರೂ ಹೋದೆವು. ಈ ನಡುವೆ ಸಾಹೇಬರು ಬದಲಾಗಿದ್ದರು. ಹೊಸಬರು ಕಾರಣವನ್ನು ಬಾಯಿಬಿಟ್ಟು ಓದಿದರು: "ನನ್ನ ಕೈಯಲ್ಲಿ ಕಲಿತವಳು ನನ್ನ ಕೆಲಸದಲ್ಲಿ ತಪ್ಪು ಹಿಡಿದಿದ್ದಾಳೆ. ನಾಲ್ಕು ಜನರ ಮುಂದೆ ಹೇಳಿದ್ದಾಳೆ. ಆದ್ದರಿಂದ ಇನ್ನು ಈ ಊರಿಗೆ ನನ್ನ ಸೈಯ ಅವಶ್ಯಕತೆ ಇಲ್ಲ."

ಸಾಹೇಬರು ತಲೆಯೆತ್ತಿ, ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಇವರು ಯಾರ್ರಿ, ನಿಮ್ಮ ಮಗಳಾ?" ಎಂದು ಕೇಳಿದರು.

ಅವರು ಕುರ್ಚಿಯಿಂದ ಎದ್ದು ನಿಂತರು. ಅಂಗಿಯ ಮುದುರು ನೇವರಿಸಿಕೊಂಡರು.

"ಅಲ್ರಿ ಸಾಹೇಬ್ರ," ಎಂದರು. "ಇವರು ನಮ್ಮ ಕಾಂಟ್ರಾಕ್ಟರು."